ಕರುಣೆ ಬೇಕಂತೆ, ಆದರೆ ಯಾರ ಪೈಕಿ?

ಧಾರವಾಡದ ಮಾಳಮಡ್ಡಿಯಿಂದ ಹುಬ್ಬಳ್ಳಿಯ ವಿದ್ಯಾನಗರದವರೆಗೆ ಈಗ ಎಷ್ಟೋ ಮನೆಗಳಲ್ಲಿ ಒಂದೇ ಹುಡುಕಾಟ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ. ಹಾಸಿಗೆ ಹಿಡಿದ ತಾಯಿತಂದೆ ಇಲ್ಲೇ ಉಳಿದಿದ್ದಾರೆ. ಅವರನ್ನು ನೋಡಿಕೊಳ್ಳಲು ಹೆಣ್ಣುಮಗಳು ಬೇಕು. "ಕರುಣಾ ಇದ್ದಾಕಿ ಬೇಕ್ರಿ, ನಮ್ಮವ್ವನ್ನ ತನ್ನವ್ವನಂಗ ನೋಡ್ಬೇಕು" ಅನ್ನುತ್ತಾರೆ. ಅದರ ಬೆನ್ನಿಗೇ ಎರಡನೇ ಪ್ರಶ್ನೆ: "ಅಂದಂಗ, ಆಕಿ ಯಾರ ಪೈಕಿ?"

ಈ ಎರಡನೇ ಪ್ರಶ್ನೆ ನಮಗೇನು ಹೊಸದಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಕೇಳಿದ್ದೇವೆ, ಹೋಟೆಲಿನ ಬಾಗಿಲಲ್ಲಿ ಕೇಳಿದ್ದೇವೆ. ಈಗ ಅದು ರೋಗಿಯ ಮಂಚದ ತನಕ ಬಂದಿದೆ.

ಕರುಣೆ ಬೇಕೇ ಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಲಕ್ವ ಹೊಡೆದು ಮಾತು ಹೋದವರನ್ನು ಎರಡು ತಾಸಿಗೊಮ್ಮೆಯಾದರೂ ಹೊರಳಿಸದಿದ್ದರೆ ಬೆನ್ನಿಗೆ, ಟೊಂಕಕ್ಕೆ ಹುಣ್ಣು ಬೀಳುತ್ತದೆ. ಗಂಜಿ ಕುಡಿಸುವಾಗ ಅವಸರ ಮಾಡಿದರೆ ಅದು ಉಸಿರಿನ ನಾಳಕ್ಕೆ ಇಳಿದು ಜೀವಕ್ಕೇ ಕುತ್ತು. ನೋವಾಯಿತೆಂದು ಹೇಳಲು ಅವರಿಗೆ ಬಾಯಿಲ್ಲ, ಮುಖ ನೋಡಿಯೇ ತಿಳಿಯಬೇಕು. ಹೊರಳಿಸುವುದನ್ನು ಎಂಟು ದಿನದಲ್ಲಿ ಕಲಿಸಬಹುದು. ಆ ಮುಖ ನೋಡುವ ಕಣ್ಣು ಇಲ್ಲದಿದ್ದರೆ ಕಲಿತದ್ದೆಲ್ಲ ವ್ಯರ್ಥ.

ಆ ಕಣ್ಣು ಯಾವ ಜಾತಿ ಸರ್ಟಿಫಿಕೇಟಿನಲ್ಲಿ ಬರೆದಿರುತ್ತದೆ? ಆಕೆಯನ್ನು ಮಂಚದ ಹತ್ತಿರ ಕರೆದೊಯ್ಯಿರಿ. ಮುದುಕಿಯೊಡನೆ ಮಾತಾಡುತ್ತಾಳೋ, ಮುದುಕಿಯ ತಲೆಯ ಮೇಲಿಂದ ಮಗನೊಡನೆ ಮಾತಾಡುತ್ತಾಳೋ ನೋಡಿರಿ. ಬಟ್ಟೆ ಬಿಚ್ಚುವ ಮೊದಲು "ಯವ್ವಾ, ಮೈ ಒರಸ್ಲೇನು?" ಎಂದು ಕೇಳುತ್ತಾಳೋ ಇಲ್ಲವೋ ನೋಡಿರಿ. ನಾಲ್ಕು ದಿನ ಬಿಟ್ಟು ಮುದುಕಿಯನ್ನೇ ಕೇಳಿರಿ. ಮಾತಿಲ್ಲದಿದ್ದರೆ ಆಕೆ ಒಳಗೆ ಬಂದಾಗ ಮುದುಕಿಯ ಮೈ ಬಿಗಿಯುತ್ತದೋ ಸಡಿಲಾಗುತ್ತದೋ ನೋಡಿರಿ. ಪೈಕಿ ಕೇಳುವವರಿಗೆ ಇಷ್ಟು ನೋಡುವ ಪುರುಸೊತ್ತೇ ಇರುವುದಿಲ್ಲ.

1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಮುಂಢ್ವಾದ ಮಹಾರ ಕೇರಿಯ ಹುಡುಗನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಕರುಣೆ ಎಂದರೆ ನಮಗೆ ಅದು. ಮೇಲೆ ನಿಂತು ಕೆಳಗೆ ಎಸೆಯುವುದು ಕನಿಕರ. ಬಾಬಾಸಾಹೇಬರು ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೇ ಹೇಳಿದ್ದು ಸುಮ್ಮನೆ ಅಲ್ಲ.

ಈ ಮನೆಗಳಲ್ಲಿ ನಡೆಯುವುದೇನು? ಮುದುಕಿಯ ಹೇಲುಚ್ಚೆ ಬಳಿಯುವಾಗ ಆಕೆಯ ಕೈ ಮೈಲಿಗೆಯಲ್ಲ. ಅದೇ ಕೈಗೆ ಚಹಾ ಕೊಡುವಾಗ ಬಟ್ಟಲು ಬೇರೆ! ಅಡಿಗೆಮನೆಯ ಹೊಸ್ತಿಲು ದಾಟುವಂತಿಲ್ಲ. ರಾತ್ರಿ ನಾಲ್ಕು ಸಲ ಏಳಬೇಕು, ಹಗಲು ಕಸಮುಸುರೆಯನ್ನೂ ಮಾಡಬೇಕು, ವಾರದ ರಜೆ ಕೇಳಿದರೆ "ಕರುಣಾನ ಇಲ್ಲ ನೋಡ್ರಿ ಇಕಿಗೆ." ಮೂರು ರಾತ್ರಿ ನಿದ್ದೆಗೆಟ್ಟವಳ ಕೈ ಮೆತ್ತಗಿರಬೇಕೆಂದರೆ ಹೇಗೆ ಇದ್ದೀತು? ಕರ್ನಾಟಕ ಸರಕಾರ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಪಡಿಸಿತು. 2011ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಇವರಿಗಾಗಿಯೇ 189ನೇ ಒಡಂಬಡಿಕೆ ಮಾಡಿತು. ವಾರಕ್ಕೆ 24 ತಾಸು ಸತತ ಬಿಡುವು ಕೊಡಬೇಕೆಂದು ಅದರಲ್ಲಿದೆ. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಕರುಣೆಯ ಮಾತಾಡುವ ಈ ಮನೆಗಳಿಂದ ಅದರ ಬಗ್ಗೆ ಒಂದು ಅರ್ಜಿಯೂ ಹೋದದ್ದು ನಾವು ಕಂಡಿಲ್ಲ.

ಇನ್ನು ನಮ್ಮವರದೂ ಒಂದು ಮಾತು. ಕೂಲಿ ಕೊಟ್ಟು ಆಳಿಡುವ ಶಕ್ತಿ ನಮ್ಮ ಕೇರಿಗಳಿಗಿಲ್ಲ, ನಿಜ. ಅಲ್ಲಿ ಆ ಕೆಲಸವೆಲ್ಲ ಸೊಸೆಯದು, ಪುಕ್ಕಟೆ. ಸಂಗಾತಿಗಳೇ, ಸಮತೆಯ ಭಾಷಣ ಮುಗಿಸಿ ಇವತ್ತು ಮನೆಗೆ ಹೋದವರು ಅವ್ವನ ಮಗ್ಗುಲು ನೀವೇ ಹೊರಳಿಸಿರಿ. ಆಕೆ ಮಲಗಲಿ.