ಹೆರೋಫಿಲಸನ ಕತ್ತಿಯೂ ಇತಿಹಾಸಕಾರರ ಸಂಕೋಚವೂ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವ ಮಹನೀಯರಲ್ಲಿ ಬಹುಮಂದಿಗೆ ಗ್ರೀಕರನ್ನು ಕಂಡರೆ ಅಕ್ಕರೆ. ಅಕ್ಕರೆ ತಪ್ಪಲ್ಲ, ಆದರೆ ಅದು ಸಾಕ್ಷ್ಯವನ್ನೇ ನುಂಗುವಷ್ಟು ಬೆಳೆದರೆ ತಡೆದು ಕೇಳದೆ ವಿಧಿಯಿಲ್ಲ.

ಕ್ರಿ. ಪೂ. 3ನೆಯ ಶತಮಾನದ ಮೊದಲ ಭಾಗದಲ್ಲಿ, ಟಾಲೆಮಿ ಅರಸರ ಅಲೆಕ್ಸಾಂಡ್ರಿಯದಲ್ಲಿ ಹೆರೋಫಿಲಸನೆಂಬ ವೈದ್ಯನಿದ್ದ. ಮನುಷ್ಯದೇಹವನ್ನು ಕೊಯ್ದು ಕ್ರಮವಾಗಿ ಅಭ್ಯಾಸಮಾಡಿದ ಗ್ರೀಕರಲ್ಲಿ ಅವನೂ ಅವನ ಸಮಕಾಲೀನ ಎರಸಿಸ್ಟ್ರಾಟಸನೂ ಮೊದಲಿಗರು. ನರಗಳು ಬೇರೆ, ರಕ್ತನಾಳಗಳು ಬೇರೆ ಎಂದು ಕಂಡವನು ಹೆರೋಫಿಲಸ್. ನಾಡಿಯನ್ನು ಅಳೆಯಲು ನೀರಿನ ಗಡಿಯಾರವನ್ನು ಬಳಸಿದವನೂ ಅವನೇ. ಜಠರದ ಮುಂದಿನ ಕರುಳಿನ ತುಂಡು ಹನ್ನೆರಡು ಬೆರಳಿನಷ್ಟಿದೆಯೆಂದು ಅವನಿಟ್ಟ ಹೆಸರೇ ಲ್ಯಾಟಿನ್ ವೇಷ ತೊಟ್ಟು ‘ಡ್ಯುಯೋಡಿನಮ್’ ಆಗಿ ನಮ್ಮ ಹೊಟ್ಟೆಹುಣ್ಣಿನ ಚೀಟಿಗಳಲ್ಲಿ ಇಂದಿಗೂ ಬರುತ್ತಿದೆ.

ಇಷ್ಟನ್ನು ಎಲ್ಲರೂ ಹಿಗ್ಗಿನಿಂದ ಬರೆಯುತ್ತಾರೆ. ಪೇಚು ಬರುವುದು ಸೆಲ್ಸಸನ ಮಾತಿಗೆ. ಕ್ರಿ. ಶ. 1ನೆಯ ಶತಮಾನದ ಈ ರೋಮನ್ ಲೇಖಕ ತನ್ನ ವೈದ್ಯಗ್ರಂಥದ ಪೀಠಿಕೆಯಲ್ಲಿ ಹೇಳುವುದಿದು: ಅರಸರು ಸೆರೆಮನೆಯಿಂದ ಅಪರಾಧಿಗಳನ್ನು ಒಪ್ಪಿಸಿದರು, ಈ ಇಬ್ಬರು ವೈದ್ಯರು ಅವರನ್ನು ಜೀವಸಹಿತ ಸೀಳಿ, ಉಸಿರು ಆಡುತ್ತಿದ್ದಂತೆಯೇ ಒಳಗಿನ ಅಂಗಗಳ ಬಣ್ಣ, ಆಕಾರ, ನೆಲೆಗಳನ್ನು ನೋಡಿದರು.

ಇಲ್ಲಿಗೆ ಬಂದೊಡನೆ ನಮ್ಮ ವಿದ್ವಾಂಸರ ಲೇಖನಿ ತೊದಲುತ್ತದೆ. ‘ಸೆಲ್ಸಸ್ ಮುನ್ನೂರು ವರ್ಷ ಈಚಿನವನು, ಅವನನ್ನು ಹೇಗೆ ನಂಬುವುದು?’ ಸರಿ, ಹಾಗೇ ಆಗಲಿ. ಹೆರೋಫಿಲಸ್ ಬರೆದ ಗ್ರಂಥಗಳಲ್ಲಿ ಒಂದೂ ಪೂರ್ತಿಯಾಗಿ ಉಳಿದಿಲ್ಲ. ಅವನ ಶೋಧಗಳ ಬಹುಪಾಲು ನಮಗೆ ಗೊತ್ತಿರುವುದು ಗೇಲನನಂಥವರ ಬಾಯಿಂದ. ಗೇಲನ್ ಸೆಲ್ಸಸನಿಗಿಂತಲೂ ನೂರು ವರ್ಷ ಈಚಿನವನು! ಕೀರ್ತಿ ತರುವ ಸಾಕ್ಷಿಗೆ ಬೆಣ್ಣೆ, ಕಳಂಕ ತರುವ ಸಾಕ್ಷಿಗೆ ಸುಣ್ಣ. ಇದು ಯಾವ ನ್ಯಾಯ?

‘ಗೇಲನ್ ಈ ವಿಷಯದಲ್ಲಿ ಮೌನವಾಗಿದ್ದಾನಲ್ಲ?’ ನಿಜ, ಈ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ. ಹಂದಿ, ಕೋತಿಗಳನ್ನು ಜೀವಂತ ಕೊಯ್ದುದನ್ನು ಹೆಮ್ಮೆಯಿಂದ ಬರೆದುಕೊಂಡ ಗೇಲನ್ ಇದನ್ನೇಕೆ ಬಿಟ್ಟ? ಆದರೆ ಬಿಟ್ಟನೆಂದು ಖಚಿತವಾಗಿ ಹೇಳಲು ಅವನ ಬರೆಹವೆಲ್ಲ ನಮ್ಮ ಕೈಯಲ್ಲಿರಬೇಕು, ಬಹಳಷ್ಟು ನಾಶವಾಗಿದೆ.

ಉಳಿದದ್ದು ‘ಇದು ಪ್ರತಿಪಕ್ಷದವರು ಹಬ್ಬಿಸಿದ ಅಪವಾದ’ ಎಂಬ ಸಮಾಧಾನ. ಹೀಗೆನ್ನುವವರು ಸೆಲ್ಸಸನನ್ನು ಸಾವಧಾನವಾಗಿ ಓದಿಲ್ಲವೆಂದೇ ನನ್ನ ಆರೋಪ. ಅವನು ಈ ಸಂಗತಿಯನ್ನು ಹೇಳಿಸಿರುವುದು ಹೆರೋಫಿಲಸನನ್ನು ಮೆಚ್ಚುವ ಪಕ್ಷದ ಬಾಯಿಂದ! ಕೆಲವೇ ಅಪರಾಧಿಗಳ ನೋವಿನಿಂದ ಮುಂದಿನ ಎಲ್ಲ ಕಾಲದ ನಿರಪರಾಧಿಗಳಿಗೆ ಮದ್ದು ಸಿಗುವುದಾದರೆ ಅದು ಕ್ರೌರ್ಯವಲ್ಲ ಎಂದು ಅವರ ವಾದ. ಎದುರು ಪಕ್ಷದ ಅನುಭವವಾದಿಗಳು, ಕತ್ತಿ ತಾಗಿದೊಡನೆ ಅಂಗಗಳು ಮಾರ್ಪಡುತ್ತವೆ, ಗಾಯಗೊಂಡ ಸೈನಿಕನಲ್ಲೋ ಮಲ್ಲನಲ್ಲೋ ವೈದ್ಯನು ಅಕಸ್ಮಾತ್ತಾಗಿ ಕಾಣುವುದೇ ಸಾಕು ಎನ್ನುತ್ತಾರೆ. ನಡೆಯದ ಕೃತ್ಯವಾಗಿದ್ದರೆ ಅಭಿಮಾನಿಗಳು ‘ಸುಳ್ಳು’ ಎಂಬ ಒಂದೇ ಮಾತಿನಲ್ಲಿ ತಪ್ಪಿಸಿಕೊಳ್ಳಬಹುದಿತ್ತು. ಹಾಗೆ ಮಾಡದೆ ಅದನ್ನು ಸಮರ್ಥಿಸಲು ಅವರೇಕೆ ಇಷ್ಟು ಬೆವರಬೇಕಾಗಿತ್ತು?

(ಆಮೇಲಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಆರುನೂರು ಮಂದಿಯ ಲೆಕ್ಕ ಹೇಳುವುದನ್ನು ನಾನು ಕೈಗೆತ್ತಿಕೊಳ್ಳುವುದಿಲ್ಲ. ಲ್ಯಾಟಿನಿನಲ್ಲಿ ಆರುನೂರೆಂದರೆ ‘ಎಣಿಸಲಾರದಷ್ಟು’ ಎಂದೇ ರೂಢಿ.)

1989ರಲ್ಲಿ ಹೈನ್ರಿಖ್ ಫಾನ್ ಸ್ಟಾಡೆನ್ ಹೆರೋಫಿಲಸನ ಚೂರುಪಾರುಗಳನ್ನೆಲ್ಲ ಒಂದೆಡೆ ಕೂಡಿಸಿ ದೊಡ್ಡ ಗ್ರಂಥವನ್ನೇ ಹೊರತಂದ. ಹೆರೋಫಿಲಸನ ಮೇಲೆ ಅಷ್ಟು ಶ್ರಮಪಟ್ಟವನೇ ಈ ಆರೋಪವನ್ನು ತಳ್ಳಿಹಾಕಲಿಲ್ಲ. ಆದರೂ ಜನಪ್ರಿಯ ಪುಸ್ತಕಗಳಲ್ಲಿ ‘ಕಟ್ಟುಕತೆ’ ಎಂಬ ಮಾತು ಸಾಯುತ್ತಿಲ್ಲ. ಇದರಲ್ಲಿ ಹೆರೋಫಿಲಸನ ಮಾನವೊಂದೇ ಅಡಗಿಲ್ಲ. ಅರಸನ ಸೆರೆಯಲ್ಲಿದ್ದ, ಹೆಸರಿಲ್ಲದ ಆ ಮನುಷ್ಯರು ಒಮ್ಮೆ ಕತ್ತಿಗೆ ಸಿಕ್ಕರು. ಈಗ ಅವರನ್ನು ‘ನಡೆದೇ ಇರಲಿಲ್ಲ’ ಎಂದು ಎರಡನೆಯ ಸಲ ಅಳಿಸಲಾಗುತ್ತಿದೆ. ಅವರ ದೇಹದಿಂದ ದೊರೆತ ತಿಳಿವು ಮಾತ್ರ ನಮಗೆ ಬೇಕು!

ಸೆಲ್ಸಸನಿಗೆ ಈ ಸಂಕೋಚ ಇರಲಿಲ್ಲ. ಎರಡು ಪಕ್ಷಗಳನ್ನೂ ಪೂರ್ತಿ ಕೇಳಿದ ಮೇಲೆ ಅವನು ತನ್ನ ತೀರ್ಪನ್ನು ಬರೆದ: ಕಲಿಯುವವರು ಶವವನ್ನು ಕೊಯ್ದು ನೋಡಬೇಕು, ಬದುಕಿರುವವನನ್ನು ಕೊಯ್ಯುವುದು ಕ್ರೂರ, ಅನಗತ್ಯ. ನಮ್ಮ ಗ್ರಂಥಕರ್ತರು ಮುಂದಿನ ಮುದ್ರಣದಲ್ಲಿ ಆ ಪೀಠಿಕೆಯನ್ನು ಅಡಿಟಿಪ್ಪಣಿಯಿಂದ ಮೇಲಕ್ಕೆ ತಂದರೆ ಸಾಕು; ತೀರ್ಪನ್ನು ವಾಚಕರೇ ಕೊಟ್ಟುಕೊಳ್ಳುತ್ತಾರೆ.