ತಗಡಿನ ಕೆಳಗೆ ಮಾತು ಕೇಳಲ್ಲ



ಕೊಕ್ಕನೂರಿನ ನಮ್ಮ ಕೇರಿಲಿ ಮಳೆ ಶುರುವಾದ್ರೆ ಮಾತು ನಿಲ್ಲುತ್ತೆ. ತಗಡಿನ ಮನೆಗಳು. ಓದೋ ಹುಡುಗಿ ಪುಸ್ತಕ ಮಡಚಿಡ್ತಾಳೆ. ಸಮುದಾಯ ಭವನ ಕೇಳಿದ್ವಿ. ಕೊಟ್ಟಿದ್ದು ಅದೇ ತಗಡು, ಸ್ವಲ್ಪ ಎತ್ತರದಲ್ಲಿ. ಏಪ್ರಿಲ್ 14ರ ಜಯಂತಿ ದಿನ ಭಾಷಣದ ಮಧ್ಯೆ ಮಳೆ ಬಂತು, ಮೈಕ್ ಇದ್ರೂ ಒಂದಕ್ಷರ ಕೇಳಲಿಲ್ಲ.

"ಶೀಟ್ ಅಂದ್ಮೇಲೆ ಶಬ್ದ ಬರುತ್ತಪ್ಪಾ" ಅಂದ್ರು ಇಂಜಿನಿಯರ್ ಸಾಹೇಬ್ರು. ಅರ್ಧ ಸತ್ಯ. ತೆಳು ತಗಡು ಹನಿ ಬಿದ್ರೆ ತಮಟೆ ಚರ್ಮದ ಹಾಗೆ ಅದುರುತ್ತೆ (ತಮಟೆ ಬಗ್ಗೆ ನಮಗೆ ಪಾಠ ಬೇಡ). ಆದ್ರೆ ಅದರ ಕೆಳಗೆ ಗ್ಲಾಸ್‌ವುಲ್ ಹಾಸಿ, ಜಿಪ್ಸಮ್ ಬೋರ್ಡಿನ ಸೀಲಿಂಗ್ ಕಟ್ಟಿದ್ರೆ ಆ ಸದ್ದು ಬಹಳಷ್ಟು ಅಲ್ಲೇ ಇಂಗುತ್ತೆ. ಬರೀ ಥರ್ಮೋಕೋಲ್ ಅಂಟಿಸಿದ್ರೆ ಸೆಕೆ ಕಮ್ಮಿಯಾಗುತ್ತೆ, ಸದ್ದಲ್ಲ. ಮಲ್ಟಿಪ್ಲೆಕ್ಸ್ ಕಟ್ಟೋರಿಗೆಲ್ಲ ಗೊತ್ತಿರೋ ವಿದ್ಯೆ ಇದು. ನಮ್ಮ ಎಸ್ಟಿಮೇಟ್‌ನಲ್ಲಿ ಮಾತ್ರ ಅದಕ್ಕೊಂದು ಸಾಲಿಲ್ಲ.

2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣ ಬೇರೆ ಕಡೆ ಹರೀತಿತ್ತಲ್ಲ, ಆ 7ಡಿ ತೆಗೀರಿ ಅಂತ ಬೀದಿಗಿಳಿದ್ವಿ, 2023ರಲ್ಲಿ ತೆಗೆದ್ರು. ಉಳಿದ ದುಡ್ಡಲ್ಲಿ ನಮಗೆ ಬರೀ ತಗಡೇ?

ಗ್ರಾಮಸಭೆಗೆ ಎಸ್ಟಿಮೇಟ್ ಪ್ರತಿ ಹಿಡ್ಕೊಂಡು ಬನ್ನಿ. ಮಳೆ ಬರೋ ದಿನ ಸಭೆ ಆ ಭವನದಲ್ಲೇ ಇಡಿಸೋಣ. ಸಾಹೇಬ್ರೂ ಅಲ್ಲೇ ಮಾತಾಡ್ಲಿ.