ರಸ್ತೆಯ ಮಳೆನೀರು ಊರಿನ ಸ್ವತ್ತು

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ವಾರ ತುಂಬುವ ಮೊದಲೇ ಸುರಿದ ಮಳೆಗೆ ರಾಮನಗರದ ಸಂಗಬಸವನದೊಡ್ಡಿ ಬಳಿಯ ಕೆಳಸೇತುವೆಯಲ್ಲಿ ನೀರು ನಿಂತು ವಾಹನಗಳು ಸಿಕ್ಕಿಕೊಂಡವು. ಆಮೇಲಿನ ಜಗಳವೆಲ್ಲ ನೀರನ್ನು ಹೊರಹಾಕುವುದು ಹೇಗೆ ಎಂಬುದರ ಸುತ್ತಲೇ ನಡೆಯಿತು. ಅದನ್ನು ಹಿಡಿದು ಬಳಸುವ ಮಾತು ಹಿಂದೆ ಸರಿಯಿತು.

ಪಕ್ಕದ ನಮ್ಮ ಚನ್ನಪಟ್ಟಣದಲ್ಲಿ ನೀರು ಚುನಾವಣೆಯನ್ನೇ ತಿರುಗಿಸುವ ವಿಷಯ. ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದ್ದು ರೈತರಿಗಾದ ದೊಡ್ಡ ಉಪಕಾರ. ಆದರೆ ಕರೆಂಟು ಖರ್ಚು ಮಾಡಿ ಶಿಂಷಾ ನೀರನ್ನು ಮೇಲೆತ್ತುವ ನಾವು, ನೆತ್ತಿಯ ಮೇಲೆ ಬಿದ್ದ ನೀರನ್ನು ಕೊಳಚೆಗೆ ಬೆರೆಸಿ ಕಳೆದುಕೊಳ್ಳುವುದು ತಪ್ಪು.

ಲೆಕ್ಕ ಸರಳವಾಗಿದೆ. ಒಂದು ಎಕರೆ ಡಾಂಬರು, ಕಾಂಕ್ರೀಟು ನೆಲದ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್. ಅದರಲ್ಲಿ ಅರ್ಧ ಕೈಗೆ ಸಿಕ್ಕರೂ ಡಿಪೋದಲ್ಲಿ ಬಸ್ಸು ತೊಳೆಯಲು, ರೇಷ್ಮೆಗೂಡಿನ ಮಾರುಕಟ್ಟೆಯ ನೆಲ ಸ್ವಚ್ಛಗೊಳಿಸಲು, ಪಾರ್ಕಿಗೆ, ಸಾರ್ವಜನಿಕ ಶೌಚಾಲಯಕ್ಕೆ, ಕಟ್ಟಡದ ಕ್ಯೂರಿಂಗ್‌ಗೆ ಒದಗುತ್ತದೆ. ಈ ಕೆಲಸಗಳಿಗೆ ಕುಡಿಯುವ ನೀರು ಬೇಕಿಲ್ಲ. ಎಣ್ಣೆ, ಟೈರಿನ ಪುಡಿ ಹೊತ್ತು ಬರುವ ಮೊದಲ ರಭಸದ ನೀರನ್ನು ಬೇರೆ ಮಾಡಬೇಕು. ಉಳಿದದ್ದನ್ನು ಹೂಳುಗುಂಡಿಯಲ್ಲಿ ತಿಳಿಯಾಗಿಸಿ, ಜೊಂಡಿನ ಮಡುವಿನಲ್ಲಿ ಹಾಯಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಬೇರೆ ಬಣ್ಣದ ಪೈಪಿನಲ್ಲಿ ಕೊಡಬೇಕು. ಆಸ್ಟ್ರೇಲಿಯಾದ ಅಡಿಲೇಡ್ ಪಕ್ಕದ ಸಾಲಿಸ್ಬರಿ ನಗರ ಮಳೆನೀರನ್ನು ಜೌಗು ಕೊಳಗಳಲ್ಲಿ ಶುದ್ಧಗೊಳಿಸಿ, ಅಂತರ್ಜಲದಲ್ಲಿ ಕೂಡಿಟ್ಟು, ನೇರಳೆ ಪೈಪುಗಳಲ್ಲಿ ಹಂಚುತ್ತಿದೆ.

ವಿರೋಧಿಸುವವರು, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯನ್ನು ತೋರಿಸುತ್ತಾರೆ. 2018ರಲ್ಲಿ ಅಲ್ಲಿನ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಅಲ್ಲಿನ ಹೋರಾಟಗಾರರ ಪಟ್ಟು ನ್ಯಾಯವಾದದ್ದು. ಅದು ಬೆಂಗಳೂರಿನ ಒಳಚರಂಡಿ ನೀರು, ಇದು ಮಳೆನೀರು. ಆದರೆ ನಮ್ಮ ರಾಜಕಾಲುವೆಗೆ ಶೌಚದ ಪೈಪು ಸೇರಿದರೆ ಈ ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಮೊದಲ ಕೆಲಸ ಆ ಪೈಪುಗಳನ್ನು ಕಡಿಯುವುದು.

ತಮಗೆ ಬರುವ ನೀರು ತಪ್ಪೀತೆಂಬ ಕೆಳಗಿನ ಕೆರೆಗಳ ರೈತರ ಆತಂಕವೂ ಸುಳ್ಳಲ್ಲ. ಹೊಲದಿಂದ ಹರಿಯುವ ಹಳ್ಳಕ್ಕೆ ಪಟ್ಟಣ ಕೈಹಾಕಬಾರದು. ರಸ್ತೆ, ಚಾವಣಿಗಳಿಂದ ಹೆಚ್ಚುವರಿಯಾಗಿ ನುಗ್ಗುವ ನೀರನ್ನಷ್ಟೇ ಹಿಡಿಯಬೇಕು. ಕೊಳಚೆ ಬೇರೆಯಾದರೆ ಅವರ ಕೆರೆಗೂ ತಿಳಿನೀರೇ ಹೋಗುತ್ತದೆ.

2024ರ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ನಾವು ಆ ಹಂತಕ್ಕೆ ಕಾಯಬಾರದು. ಹೊಸ ಬಡಾವಣೆಗೆ ಅನುಮತಿ ಕೊಡುವ ಮುನ್ನವೇ ನಗರಸಭೆ ಎರಡನೇ ಪೈಪನ್ನು ಕಡ್ಡಾಯ ಮಾಡಲಿ, ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಬೋರ್ಡಿನಲ್ಲಿ ಹಾಕಲಿ. ಮತ ಕೇಳಲು ಬರುವವರನ್ನು, ಎಷ್ಟು ಕೆರೆ ತುಂಬಿಸಿದಿರಿ ಎಂಬುದರ ಜೊತೆಗೆ ಎಷ್ಟು ಮಳೆ ಉಳಿಸಿದಿರಿ ಎಂದೂ ನಾವು ಕೇಳಬೇಕು.